ಹೊಸ ದಳ ನಿಜಕ್ಕೂ ಅತಿ ಬಲಶಾಲಿಯೇ? ಮಿನಿಯೇಚರ್ ಆಟಗಳಲ್ಲಿ ಪವರ್ ಕ್ರೀಪ್ ಅಳೆಯುವ ಮತ್ತು ಸರಿಪಡಿಸುವ ಬಗೆ

ಚೌಕಾಬಾರದಲ್ಲಿ ಎಲ್ಲರಿಗೂ ನಾಲ್ಕು ನಾಲ್ಕು ಕಾಯಿಗಳು, ಎಲ್ಲರಿಗೂ ಒಂದೇ ಅಳತೆಯ ಹಾದಿ, ಅವೇ ಕವಡೆಗಳು. ಸೋತವನು ತನ್ನ ಅದೃಷ್ಟವನ್ನು ಹಳಿದುಕೊಳ್ಳಬಹುದೇ ಹೊರತು ಎದುರಾಳಿಯ ಕಾಯಿಗಳ ಬಗ್ಗೆ ತಕರಾರು ತೆಗೆಯುವಂತಿಲ್ಲ. ವಾರ್‌ಹ್ಯಾಮರ್ 40,000ದಂತಹ ಮಿನಿಯೇಚರ್ ಆಟಗಳಲ್ಲಿ, ಅಂದರೆ ಪುಟ್ಟ ಗೊಂಬೆ ಯೋಧರನ್ನು ಮೇಜಿನ ಮೇಲೆ ನಡೆಸಿ ಆಡುವ ಯುದ್ಧದಾಟಗಳಲ್ಲಿ, ಇಬ್ಬರು ಆಟಗಾರರು ಒಂದಕ್ಕೊಂದು ಹೋಲಿಕೆಯೇ ಇಲ್ಲದ ಎರಡು ಪಡೆಗಳನ್ನು ಮೇಜಿಗೆ ತರುತ್ತಾರೆ. ಒಬ್ಬನದು ಕವಚ ತೊಟ್ಟ ಕೆಲವೇ ಯೋಧರ ಪಡೆಯಾದರೆ ಇನ್ನೊಬ್ಬನದು ನೂರಾರು ಸಾಮಾನ್ಯ ಸಿಪಾಯಿಗಳ ಗುಂಪು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಇರುವ ಏಕೈಕ ಬಟ್ಟು ಪಾಯಿಂಟ್ಸ್, ಅಂದರೆ ಪಡೆಯ ಪ್ರತಿ ದಳಕ್ಕೂ (ತುಕಡಿಗೂ) ಕಟ್ಟಿದ ಬೆಲೆ. ಪಂದ್ಯಾವಳಿಗಳಲ್ಲಿ ಸಾಮಾನ್ಯವಾಗಿ ಪ್ರತಿ ಪಡೆಗೆ 2000 ಪಾಯಿಂಟ್. ಈ ಬಟ್ಟು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನವೂ ಇದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿರುವ ಗೇಮ್ಸ್ ವರ್ಕ್‌ಶಾಪ್ ಕಂಪನಿ, ವಾರ್‌ಹ್ಯಾಮರ್ 40,000ವನ್ನು ತಯಾರಿಸುವುದೂ ಇದೇ, 2015ರಲ್ಲಿ ಏಜ್ ಆಫ್ ಸಿಗ್ಮಾರ್ ಎಂಬ ಇನ್ನೊಂದು ಆಟವನ್ನು ಪಾಯಿಂಟ್ಸ್ ಇಲ್ಲದೆಯೇ ಹೊರತಂದಿತ್ತು. ಮರುವರ್ಷವೇ ಪಾಯಿಂಟ್ಸ್ ಪಟ್ಟಿಯುಳ್ಳ ಪುಸ್ತಕವನ್ನು ಪ್ರಕಟಿಸಬೇಕಾಯಿತು.

ಹೊಸದಾಗಿ ಬರುವ ಪ್ರತಿ ನಿಯಮ ಪುಸ್ತಕವೂ ಪ್ರತಿ ಮಾಡೆಲ್ಲೂ ಹಿಂದಿನದಕ್ಕಿಂತ ಕೊಂಚ ಹೆಚ್ಚು ಬಲದೊಂದಿಗೆ ಬರುತ್ತಾ, ಹಳೆಯ ಪಡೆಗಳು ತಮ್ಮ ನಿಯಮದಲ್ಲಿ ಒಂದಕ್ಷರವೂ ಬದಲಾಗದಿದ್ದರೂ ದುರ್ಬಲವಾಗುತ್ತಾ ಹೋಗುವುದನ್ನು ಪವರ್ ಕ್ರೀಪ್ ಎನ್ನುತ್ತಾರೆ. ತಿಂಗಳುಗಟ್ಟಲೆ ಕುಳಿತು ಬಣ್ಣ ಹಚ್ಚಿದ ಪಡೆಯೊಂದು ಹೀಗೆ ಕಪಾಟು ಸೇರುವುದನ್ನು ಕಂಡವರಿಗೆ ಇದು ಬರಿಯ ಲೆಕ್ಕಾಚಾರದ ವಿಷಯವಲ್ಲ ಎಂಬುದು ಗೊತ್ತಿರುತ್ತದೆ. ಆದರೆ ಪರಿಹಾರ ಸಿಗುವುದು ಮಾತ್ರ ಲೆಕ್ಕದಿಂದಲೇ. ಕ್ಲಬ್ ನಡೆಸುವವರು ಮತ್ತು ಸಣ್ಣ ಪಂದ್ಯಾವಳಿ ಏರ್ಪಡಿಸುವವರು ಈ ಲೆಕ್ಕವನ್ನು ಹೇಗೆ ಮಾಡಬೇಕು, ಮಾಡಿದ ಮೇಲೆ ಯಾವುದನ್ನು ಮುಟ್ಟಬೇಕು ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಯಾವ ದಳದ ಮೇಲೆ ದೂರು ಬಂದರೂ ಮೊದಲು ಮೇಜನ್ನು ನೋಡಬೇಕು. ದೂರದಿಂದ ಗುಂಡು ಹಾರಿಸುವ ಪಡೆ ಮೊದಲ ಸುತ್ತಿನಲ್ಲಿಯೇ ಎದುರಾಳಿಯ ಅರ್ಧ ಪಡೆಯನ್ನು ಉರುಳಿಸಿತು ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಅತಿ ಬಲದ ದಳವಲ್ಲ, ಮರೆಯೇ ಇಲ್ಲದ ಬಯಲು. ಮೇಜಿನ ನಡುವೆ ದೃಷ್ಟಿಯನ್ನು ಪೂರ್ತಿ ತಡೆಯುವ ಕಟ್ಟಡಗಳಿವೆಯೇ, ಎರಡೂ ಬದಿಯವರು ತಮ್ಮ ಮುಖ್ಯ ದಳಗಳನ್ನು ಮೊದಲ ಸುತ್ತಿನಲ್ಲಿ ಮರೆಮಾಡಬಲ್ಲರೇ ಎಂದು ಖಚಿತಪಡಿಸಿಕೊಳ್ಳದೆ ಮುಂದಿನ ಹೆಜ್ಜೆ ಇಡಬಾರದು. ಮೇಜಿನ ಅಳತೆಯೂ ಬಲಾಬಲವನ್ನು ಬದಲಿಸುತ್ತದೆ. ವಾರ್‌ಹ್ಯಾಮರ್ 40,000ದ 2020ರ ಒಂಬತ್ತನೆಯ ಆವೃತ್ತಿಯಲ್ಲಿ 2000 ಪಾಯಿಂಟ್‌ನ ಪಂದ್ಯಕ್ಕೆ ಕನಿಷ್ಠ 44 ಇಂಚು ಅಗಲ, 60 ಇಂಚು ಉದ್ದದ ಮೇಜನ್ನು ನಿಗದಿ ಮಾಡಿದಾಗ, ಹಿಂದಿನ 48ಕ್ಕೆ 72ರ ಮೇಜಿನಲ್ಲಿ ಎದುರಾಳಿಯನ್ನು ತಲುಪುವಷ್ಟರಲ್ಲಿಯೇ ಕರಗಿಹೋಗುತ್ತಿದ್ದ ಕೈಕೈ ಮಿಲಾಯಿಸುವ ದಳಗಳಿಗೆ ಓಡಬೇಕಾದ ದೂರ ಕಡಿಮೆಯಾಯಿತು.

ಮೇಜು ಸರಿಯಿದ್ದರೆ ಪೆನ್ಸಿಲ್ ಹಿಡಿಯಬೇಕು. ಹೊಡೆತವೊಂದು ಹಿಟ್ (ಗುರಿಗೆ ತಾಗುವುದು), ವೂಂಡ್ (ಗಾಯವಾಗುವುದು), ಸೇವ್ (ಕವಚ ತಡೆಯುವುದು) ಎಂಬ ಮೂರು ಬಾಗಿಲುಗಳನ್ನು ದಾಟಿ ಬರುತ್ತದೆ. ಪ್ರತಿ ಬಾಗಿಲಲ್ಲೂ ಆರು ಮುಖದ ದಾಳ ಉರುಳುತ್ತದೆ, ಪ್ರತಿ ಬಾಗಿಲ ಸಂಭವವನ್ನು ಗುಣಿಸುತ್ತಾ ಹೋದರೆ ಸರಾಸರಿ ಸಿಗುತ್ತದೆ. ಹೆವಿ ಬೋಲ್ಟರ್ ಎಂಬ ಸಾಮಾನ್ಯ ಆಯುಧವನ್ನು ತೆಗೆದುಕೊಳ್ಳೋಣ. 2017ರ ಎಂಟನೆಯ ಮತ್ತು 2020ರ ಒಂಬತ್ತನೆಯ ಆವೃತ್ತಿಗಳಲ್ಲಿ ಅದಕ್ಕೆ ಮೂರು ಗುಂಡು, ಸ್ಟ್ರೆಂತ್ (ಹೊಡೆತದ ಬಲ) 5, ಕವಚವನ್ನು ಒಂದಂಕೆ ಕುಗ್ಗಿಸುವ ಶಕ್ತಿ. ಹೊಡೆಯುವವನಿಗೆ 3 ಅಥವಾ ಹೆಚ್ಚು ಬೀಳಬೇಕು ಎಂದಿಟ್ಟುಕೊಂಡರೆ ಮೂರರಲ್ಲಿ ಎರಡು ತಾಗುತ್ತವೆ. ಎದುರಿಗಿರುವ, ಸ್ಪೇಸ್ ಮರೀನ್ ಎಂಬ ಕವಚಧಾರಿ ಯೋಧನ ಟಫ್‌ನೆಸ್ (ಗಟ್ಟಿತನ) 4 ಆದ್ದರಿಂದ ಗಾಯಕ್ಕೂ 3 ಅಥವಾ ಹೆಚ್ಚು ಬೇಕು. ಎರಡರ ಮೂರನೇ ಎರಡು ಭಾಗ, ಅಂದರೆ 1.33 ಗಾಯ. ಅವನ 3ರ ಕವಚ, ಅಂದರೆ 3 ಅಥವಾ ಹೆಚ್ಚು ಬಿದ್ದರೆ ಹೊಡೆತ ತಡೆಯುವ ಕವಚ, 4ಕ್ಕೆ ಕುಗ್ಗಿ ಅರ್ಧವನ್ನು ತಡೆಯುತ್ತದೆ. ಉಳಿಯುವುದು 0.67 ಹೊಡೆತ.

ಈ ಒಂದು ಅಂಕೆಯಲ್ಲಿ ಪವರ್ ಕ್ರೀಪ್‌ನ ಇಡೀ ಕತೆ ಇದೆ. ಬಹುಕಾಲ ಸಾಮಾನ್ಯ ಮರೀನ್‌ಗೆ ಒಂದೇ ವೂಂಡ್ ಇತ್ತು (ಇಲ್ಲಿ ವೂಂಡ್ ಎಂದರೆ ಎಷ್ಟು ಹಾನಿಗೆ ಯೋಧ ಬೀಳುತ್ತಾನೆ ಎಂಬ ಅಂಕೆ), ಹೆವಿ ಬೋಲ್ಟರ್‌ನ ಡ್ಯಾಮೇಜೂ (ಒಂದು ಹೊಡೆತದ ಹಾನಿ) ಒಂದೇ, ಎಂಟನೆಯ ಆವೃತ್ತಿಯಲ್ಲಿ ಸರಾಸರಿ 0.67 ಮರೀನ್ ಬೀಳುತ್ತಿದ್ದ. 2017ರಲ್ಲಿ ಎರಡು ವೂಂಡ್‌ನ ಪ್ರೈಮರಿಸ್ ಮರೀನ್‌ಗಳು ಬಂದರು, 2020ರಲ್ಲಿ ಹಳೆಯ ಮರೀನ್‌ಗಳಿಗೂ ಎರಡನೆಯ ವೂಂಡ್ ಸಿಕ್ಕಿತು. ಅದೇ ಸಮಯಕ್ಕೆ ಹೆವಿ ಬೋಲ್ಟರ್‌ನ ಡ್ಯಾಮೇಜ್ ಕೂಡ ಎರಡಾಯಿತು. ಲೆಕ್ಕ ಮತ್ತೆ 0.67 ಮರೀನ್‌ಗೇ ಬಂದು ನಿಂತಿತು! ಕಾಗದದ ಮೇಲಿನ ಅಂಕೆಗಳೆಲ್ಲ ದುಪ್ಪಟ್ಟಾಗಿದ್ದರೂ ಮರೀನ್ ಮತ್ತು ಬೋಲ್ಟರ್ ನಡುವೆ ಬದಲಾದದ್ದು ಏನೂ ಇಲ್ಲ. ನಿಜವಾಗಿ ನಷ್ಟವಾದದ್ದು ಈ ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಮೂರನೆಯವರಿಗೆ. ಮೊದಲಿನಿಂದಲೂ ಎರಡು ವೂಂಡ್ ಇದ್ದ ಆರ್ಕ್ ನಾಬ್‌ಗಳಂತಹ ಯೋಧರು ಹಿಂದೆ ಒಂದು ಹೊಡೆತ ತಿಂದೂ ನಿಲ್ಲುತ್ತಿದ್ದರು. ಅದೇ ಆಯುಧದ ಒಂದೇ ಹೊಡೆತಕ್ಕೆ ಉರುಳುವ ಸ್ಥಿತಿ ಈಗ ಅವರದಾಯಿತು. ಆದ್ದರಿಂದ ಹೊಸ ಅಂಕೆ ದೊಡ್ಡದಾಗಿ ಕಂಡಿತೆಂದು ಗಾಬರಿಯಾಗದೆ, ಆ ಅಂಕೆಯಿಂದ ಯಾರು ಹಿಂದೆ ಉಳಿದರು ಎಂದು ಹುಡುಕಬೇಕು. ನನ್ನ ಮಟ್ಟಿಗೆ ಸಮತೋಲನದ ವಿಚಾರದಲ್ಲಿ ಕೇಳಲೇಬೇಕಾದ ಮೊದಲ ಪ್ರಶ್ನೆ ಇದೇ.

ಲೆಕ್ಕವನ್ನು ಒಂದೇ ಗುರಿಯ ಮೇಲೆ ಮಾಡಿ ನಿಲ್ಲಿಸಬಾರದು. ಕನಿಷ್ಠ ಮೂರು ಬಗೆಯ ಗುರಿಗಳನ್ನು, ಅಂದರೆ ಹಗುರ ಕವಚದ ಸಿಪಾಯಿಗಳನ್ನು, ಮರೀನ್‌ನಂತಹ ಗಟ್ಟಿ ಯೋಧರನ್ನು ಮತ್ತು ಒಂದು ಟ್ಯಾಂಕನ್ನು ಇಟ್ಟುಕೊಂಡು, ಪ್ರತಿಯೊಂದರ ಮೇಲೂ ದಳ ಮಾಡುವ ಸರಾಸರಿ ಹಾನಿಯನ್ನು ಆ ದಳದ ಪಾಯಿಂಟ್ಸ್‌ನಿಂದ ಭಾಗಿಸಬೇಕು. ಆಮೇಲೆ ಅದೇ ಕೆಲಸ ಮಾಡುವ ಬೇರೆ ಪಡೆಗಳ ನಾಲ್ಕೈದು ದಳಗಳ ಅಂಕೆಯನ್ನು ಪಕ್ಕದಲ್ಲಿ ಬರೆಯಬೇಕು. ಒಂದು ಗುರಿಯ ಮೇಲೆ ಮಾತ್ರ ಮುಂದಿರುವ ದಳ ಪರಿಣತ ದಳ, ಅದರಲ್ಲಿ ತಪ್ಪಿಲ್ಲ. ಮೂರೂ ಗುರಿಗಳ ಮೇಲೆ ಮುಂದಿದ್ದು, ಹೊಡೆತ ತಡೆದುಕೊಳ್ಳುವುದರಲ್ಲಿಯೂ ಹಿಂದೆ ಬೀಳದ ದಳದ ಬಗ್ಗೆಯೇ ಅನುಮಾನ ಪಡಬೇಕು. ಚಲನೆಯ ವೇಗ ಮತ್ತು ಆಬ್ಜೆಕ್ಟಿವ್ (ಮೇಜಿನ ಮೇಲೆ ಅಂಕ ಕೊಡುವ ಗುರುತಿನ ಜಾಗ) ಹಿಡಿಯುವ ಶಕ್ತಿ ಈ ಭಾಗಾಕಾರದಲ್ಲಿ ಸಿಗುವುದಿಲ್ಲ. ಐದು ಸುತ್ತಿನ ಪಂದ್ಯವನ್ನು ಗೆಲ್ಲಿಸುವುದು ಕೊಂದವರ ಸಂಖ್ಯೆಯಲ್ಲ, ಆಬ್ಜೆಕ್ಟಿವ್‌ಗಳಿಂದ ಕೂಡಿಸಿದ ಅಂಕ. ಹಾಗಾಗಿ ಯಾರನ್ನೂ ಕೊಲ್ಲದೆ ಮೂಲೆಯಿಂದ ಮೂಲೆಗೆ ಹಾರಿ ಅಂಕ ಗಳಿಸುವ ಅಗ್ಗದ ದಳವನ್ನು ಅಳೆಯಲು ಆಡಿಯೇ ನೋಡಬೇಕು.

ಕವಚ ಕುಗ್ಗಿಸುವ ಶಕ್ತಿಯ ಬಗ್ಗೆ ವಿಶೇಷ ಎಚ್ಚರ ಬೇಕು, ಏಕೆಂದರೆ ಒಂದಂಕೆಯ ಬದಲಾವಣೆ ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ. 3ರ ಕವಚ ಮೂರರಲ್ಲಿ ಒಂದು ಹೊಡೆತವನ್ನು ಒಳಗೆ ಬಿಡುತ್ತದೆ. ಒಂದಂಕೆ ಕುಗ್ಗಿದರೆ ಎರಡರಲ್ಲಿ ಒಂದನ್ನು, ಎರಡಂಕೆ ಕುಗ್ಗಿದರೆ ಮೂರರಲ್ಲಿ ಎರಡನ್ನು. ಅಂದರೆ ಹಾನಿ ಮೊದಲ ಹೆಜ್ಜೆಗೆ ಒಂದೂವರೆ ಪಟ್ಟು, ಎರಡನೆಯದಕ್ಕೆ ಎರಡು ಪಟ್ಟು. ಒಂಬತ್ತನೆಯ ಆವೃತ್ತಿಯ ಪುಸ್ತಕಗಳು ಒಂದಾದ ಮೇಲೊಂದು ಬಂದಂತೆ ಈ ಶಕ್ತಿ ಸಾಧಾರಣ ಆಯುಧಗಳಿಗೂ ಹರಡಿತು. ಕೊನೆಗೆ 2022ರ ಏಪ್ರಿಲ್‌ನಲ್ಲಿ ಮರೀನ್‌ಗಳೂ ಸೇರಿದಂತೆ ಕೆಲವು ಪಡೆಗಳಿಗೆ ಆರ್ಮರ್ ಆಫ್ ಕಂಟೆಂಪ್ಟ್ ಎಂಬ ತೇಪೆ ಹಾಕಿ, ಅವರ ಮೇಲೆ ಬರುವ ಹೊಡೆತಗಳ ಆ ಶಕ್ತಿಯನ್ನು ಒಂದಂಕೆ ಇಳಿಸಬೇಕಾಯಿತು. ಆ ತೇಪೆ ಸಿಗದ ಪಡೆಗಳು ಮತ್ತೆ ಹಿಂದೆ ಬಿದ್ದವು. 2023ರ ಹತ್ತನೆಯ ಆವೃತ್ತಿಯಲ್ಲಿ ಆಯುಧಗಳ ಕವಚಭೇದಕ ಶಕ್ತಿಯನ್ನೇ ಒಟ್ಟಾರೆ ಇಳಿಸಿದ್ದು ಸರಿಯಾದ ದಾರಿ ಎಂದು ನಾನು ನಂಬುತ್ತೇನೆ.

ಇನ್ನು ಗೆಲುವಿನ ಪ್ರಮಾಣ. ಗೇಮ್ಸ್ ವರ್ಕ್‌ಶಾಪ್ ಪಂದ್ಯಾವಳಿಗಳ ಫಲಿತಾಂಶಗಳನ್ನು ನೋಡಿ, ಪ್ರತಿ ಪಡೆಯೂ ಶೇ 45ರಿಂದ 55ರೊಳಗೆ ಇರಬೇಕೆಂಬ ಗುರಿ ಇಟ್ಟುಕೊಂಡಿದೆ. ಇದನ್ನು ಕ್ಲಬ್‌ಗೆ ಹಾಗೆಯೇ ತಂದು ಅನ್ವಯಿಸುವುದು ತಪ್ಪು. ನಿಮ್ಮ ದಾಖಲೆಯಲ್ಲಿ ಒಂದು ಪಡೆ 40 ಪಂದ್ಯಗಳಲ್ಲಿ 24 ಗೆದ್ದಿದ್ದರೆ ಪ್ರಮಾಣ ಶೇ 60; ಆದರೆ ಅಷ್ಟು ಕಡಿಮೆ ಪಂದ್ಯಗಳಲ್ಲಿ ಬರಿಯ ಅದೃಷ್ಟದಿಂದಲೇ ಎರಡೂ ಕಡೆಗೆ ಸುಮಾರು 15 ಅಂಕೆಗಳಷ್ಟು ಏರುಪೇರು ಸಾಧ್ಯ, ಅಂದರೆ ಆ ಪಡೆಯ ನಿಜವಾದ ಪ್ರಮಾಣ 45ರಷ್ಟು ಸಾಧಾರಣವೂ ಆಗಿರಬಹುದು, 75ರಷ್ಟು ಭಯಂಕರವೂ ಆಗಿರಬಹುದು. ಈ ಏರುಪೇರು 5 ಅಂಕೆಗಳಿಗೆ ಇಳಿಯಬೇಕಾದರೆ 400 ಪಂದ್ಯಗಳು ಬೇಕು. ಚಿಕ್ಕ ಗುಂಪಿಗೆ ಇದಕ್ಕಿಂತ ಉಪಯುಕ್ತವಾದದ್ದು ಪಡೆಗಳನ್ನು ಅದಲುಬದಲು ಮಾಡಿ ಆಡುವ ವಿಧಾನ: ಅದೇ ಇಬ್ಬರು, ಅದೇ ಮೇಜು, ಎರಡನೆಯ ಪಂದ್ಯದಲ್ಲಿ ಪರಸ್ಪರರ ಪಡೆ. ಎರಡೂ ಸಲ ಅದೇ ಪಡೆ ಗೆದ್ದರೆ ಅನುಮಾನ ಪಡೆಯ ಮೇಲೆ ತಿರುಗುತ್ತದೆ. ಎರಡೂ ಸಲ ಅದೇ ಮನುಷ್ಯ ಗೆದ್ದರೆ ಅವನ ಬಳಿ ಕಲಿಯುವುದು ಒಳ್ಳೆಯದು. ನಾಲ್ಕೈದು ಜೋಡಿಗಳು ಹೀಗೆ ಆಡಿ, ಪ್ರತಿ ಸುತ್ತಿನ ಕೊನೆಯ ಅಂಕವನ್ನೂ ಯಾರು ಮೊದಲು ಆಡಿದರು ಎಂಬುದನ್ನೂ ಬರೆದಿಟ್ಟರೆ ಚರ್ಚೆಗೆ ಆಧಾರ ಸಿಗುತ್ತದೆ.

ದೋಷ ಸಿದ್ಧವಾದ ಮೇಲೆ ಬೆಲೆಯನ್ನು ಮುಟ್ಟಬೇಕೋ ನಿಯಮವನ್ನು ಮುಟ್ಟಬೇಕೋ ಎಂಬ ಆಯ್ಕೆ ಎದುರಾಗುತ್ತದೆ. ದಳ ತನ್ನ ಕೆಲಸವನ್ನು ಅಗ್ಗದಲ್ಲಿ ಮಾಡುತ್ತಿದ್ದರೆ ಬೆಲೆ ಏರಿಸಬೇಕು. ಎರಡು ನಿಯಮಗಳು ಕೂಡಿಕೊಂಡು ಎದುರಾಳಿಗೆ ಉತ್ತರವೇ ಇಲ್ಲದಂತೆ ಮಾಡುತ್ತಿದ್ದರೆ ನಿಯಮವನ್ನೇ ತಿದ್ದಬೇಕು. ಹತ್ತನೆಯ ಆವೃತ್ತಿಯ ಆರಂಭದ ಎಲ್ಡಾರಿ ಪಡೆ ಎರಡನೆಯ ಬಗೆಗೆ ಸೇರಿದ್ದು. ಆ ಪಡೆಯ ಆಟಗಾರ ಮೊದಲೇ ಉರುಳಿಸಿಟ್ಟ ದಾಳಗಳನ್ನು ಬೇಕಾದಾಗ ಬಳಸಬಹುದಿತ್ತು. ಡೆವಾಸ್ಟೇಟಿಂಗ್ ವೂಂಡ್ಸ್ ಎಂಬ ನಿಯಮದಡಿ ಗಾಯದ ದಾಳ 6 ಬಿದ್ದರೆ ಆಯುಧದ ಪೂರ್ತಿ ಹಾನಿ ಕವಚವನ್ನು ಲೆಕ್ಕಿಸದೆ ಒಳಹೊಕ್ಕು, ಒಬ್ಬ ಯೋಧನಿಂದ ಇನ್ನೊಬ್ಬನಿಗೆ ಹರಿಯುತ್ತಿತ್ತು. ಎತ್ತಿಟ್ಟ 6 ಒಂದನ್ನು ವ್ರೈತ್‌ನೈಟ್ ಎಂಬ ದೈತ್ಯ ಯುದ್ಧಯಂತ್ರದ ದೊಡ್ಡ ಫಿರಂಗಿಗೆ ಕೊಟ್ಟರೆ ಅದೃಷ್ಟದ ಪ್ರಶ್ನೆಯೇ ಉಳಿಯುತ್ತಿರಲಿಲ್ಲ. ಬೆಲೆ ಏರಿಸಿದರೆ ಇಂಥ ಜೋಡಣೆ ಅಪರೂಪವಾಗುತ್ತದೆ, ಆದರೆ ಎದುರಿಸಿದವನ ಸಂಕಟ ಹಾಗೆಯೇ ಉಳಿಯುತ್ತದೆ. ಆದ್ದರಿಂದಲೇ 2023ರ ಸೆಪ್ಟೆಂಬರ್‌ನಲ್ಲಿ ಹಾನಿ ಒಬ್ಬರಿಂದೊಬ್ಬರಿಗೆ ಹರಿಯದಂತೆ ನಿಯಮವನ್ನೇ ಬದಲಿಸಲಾಯಿತು.

ಬೆಲೆ ಏರಿಸುವಾಗ ಶೇಕಡಾವಾರು ಯೋಚಿಸಿದರೆ ಸಾಲದು. 100 ಪಾಯಿಂಟ್‌ನ ಮೂರು ದಳಗಳಿಗೆ ತಲಾ 10 ಏರಿಸಿದರೆ ಆಟಗಾರನ ಪಡೆಯ ಪಟ್ಟಿಯಿಂದ ಹೋಗುವುದು 30 ಪಾಯಿಂಟ್. 2000ದಲ್ಲಿ ಅದು ಯಾವ ದಳವನ್ನೂ ಹೊರಗೆ ಹಾಕದಿರಬಹುದು. ಎಷ್ಟು ಏರಿಸಿದರೆ ಆಟಗಾರ ಏನನ್ನಾದರೂ ಬಿಡಲೇಬೇಕಾಗುತ್ತದೆ ಎಂದು ಅವನ ಪಟ್ಟಿಯನ್ನೇ ಮುಂದಿಟ್ಟುಕೊಂಡು ನೋಡಿ ಅಂಕೆ ನಿರ್ಧರಿಸಬೇಕು. ದುರ್ಬಲ ದಳಗಳ ಬೆಲೆ ಇಳಿಸುವುದು ಜನಪ್ರಿಯ ಮಾರ್ಗವಾದರೂ ಅದನ್ನು ಕಡೆಗೆ ಇಟ್ಟುಕೊಳ್ಳಬೇಕು, ಏಕೆಂದರೆ ಬೆಲೆ ಇಳಿದಷ್ಟೂ ಅದೇ 2000ಕ್ಕೆ ಹೆಚ್ಚು ಮಾಡೆಲ್‌ಗಳನ್ನು ಕೊಳ್ಳಬೇಕು, ಬಣ್ಣ ಹಚ್ಚಬೇಕು, ಪಂದ್ಯವೂ ಉದ್ದವಾಗುತ್ತದೆ. ಒಂದೇ ದಳವನ್ನು ಗುಂಪುಗುಂಪಾಗಿ ತರುವುದಷ್ಟೇ ತೊಂದರೆಯಾಗಿದ್ದರೆ ಸಂಖ್ಯೆಗೆ ಮಿತಿ ಹಾಕಿದರೆ ಸಾಕು. 2018ರಲ್ಲಿ ಪಂದ್ಯಾವಳಿಗಳಿಗಾಗಿ ಬಂದ, ಒಂದೇ ಬಗೆಯ ದಳ ಮೂರಕ್ಕಿಂತ ಹೆಚ್ಚು ಬೇಡವೆಂಬ ಸಲಹೆ ಅಂಥದ್ದೇ.

ಪರಿಹಾರವನ್ನು ಯಾರೂ ಹಣ ಕೊಟ್ಟು ಕೊಳ್ಳುವಂತಾಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸ್ಟಾರ್ ವಾರ್ಸ್ ಎಕ್ಸ್-ವಿಂಗ್ ಆಟದ ಮೊದಲ ಆವೃತ್ತಿಯಲ್ಲಿ ಪಾಯಿಂಟ್ಸ್ ಕಾರ್ಡಿನ ಮೇಲೆಯೇ ಅಚ್ಚಾಗಿದ್ದರಿಂದ ತಿದ್ದುವ ದಾರಿ ಇರಲಿಲ್ಲ. ದುರ್ಬಲವಾಗಿದ್ದ ಟೈ ಅಡ್ವಾನ್ಸ್ಡ್ ಎಂಬ ಚಿಕ್ಕ ವಿಮಾನವನ್ನು ಮೇಲೆತ್ತುವ ಕಾರ್ಡು, ಇಂಪೀರಿಯಲ್ ರೈಡರ್ ಎಂಬ ದುಬಾರಿ ದೊಡ್ಡ ನೌಕೆಯ ಪೆಟ್ಟಿಗೆಯಲ್ಲಿ ಬಂತು. 2018ರ ಎರಡನೆಯ ಆವೃತ್ತಿ ಪಾಯಿಂಟ್ಸನ್ನು ಕಾರ್ಡಿನಿಂದ ಹೊರತೆಗೆದು, ಬೇಕಾದಾಗ ತಿದ್ದಬಹುದಾದ ಪಟ್ಟಿಗೆ ಸೇರಿಸಿತು. ಕ್ಲಬ್‌ನ ತಿದ್ದುಪಡಿಯೂ ಹೀಗೆಯೇ ಒಂದೇ ಹಾಳೆಯಲ್ಲಿರಲಿ, ಪಂದ್ಯಾವಳಿಗೆ ಕನಿಷ್ಠ ಮೂರು ವಾರ ಮೊದಲು ಎಲ್ಲರ ಕೈಗೂ ತಲುಪಲಿ. ಒಂದು ಸಲಕ್ಕೆ ಎರಡು ಅಥವಾ ಮೂರು ದಳಗಳನ್ನಷ್ಟೇ ಮುಟ್ಟಿ. ಹತ್ತನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಆ ದಳದ ಮಾಲೀಕನನ್ನು ಕೂರಿಸಿಕೊಂಡೇ ತೀರ್ಮಾನ ಮಾಡಿ, ಹಾಳೆಯ ಕೆಳಗೆ ಅದು ರದ್ದಾಗುವ ದಿನಾಂಕವನ್ನು ಬರೆಯಿರಿ. ಅಷ್ಟರೊಳಗೆ ಕಂಪನಿಯ ಅಧಿಕೃತ ತಿದ್ದುಪಡಿ ಬಂದರೆ ಆ ದಿನವೇ ನಿಮ್ಮ ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡು, ಹೊಸ ಪಾಯಿಂಟ್ಸ್‌ನೊಂದಿಗೆ ಭಾಗಾಕಾರವನ್ನು ಮೊದಲಿನಿಂದ ಮಾಡಿ.