ಐನೂರು ಎಲೆಯ ಊಟ, ಒಂದು ಚೀಲ ಕಸ

ಜಂಬರದ (ಮದುವೆ, ಉಪನಯನದಂಥ ಸಮಾರಂಭದ) ಅಡುಗೆ ವಹಿಸಿಕೊಳ್ಳುವವರ ಕಸದಲ್ಲಿ ಲೆಕ್ಕಕ್ಕೆ ಹೆಚ್ಚು ಸಿಗುವುದು ಎಲೆ ಅಲ್ಲ, ಲೋಟ. ಐನೂರು ಜನರ ಮದುವೆಗೆ ಊಟದ ಎಲೆ ಐನೂರೇ. ಆದರೆ ಬಂದ ಕೂಡಲೇ ಆಸರಿಗೆ (ಬಾಯಾರಿಕೆಗೆ) ಒಂದು ಲೋಟ, ತಿಂಡಿಯ ಜತೆ ಚಾಕ್ಕೆ ಒಂದು, ಊಟಕ್ಕೆ ಕೂತಾಗ ನೀರಿಗೆ ಒಂದು, ಕೊನೆಗೆ ಮಜ್ಜಿಗೆಗೆ ಇನ್ನೊಂದು. ಎರಡು ಸಾವಿರ ಆಯಿತು. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಜಂಬರಗಳಲ್ಲಿ ಬಾಳೆಲೆ ಯಾವತ್ತೂ ತಪ್ಪಿದ್ದಿಲ್ಲ. ಅದರ ಸುತ್ತ ಸೇರಿಕೊಂಡದ್ದೇ ತೊಂದರೆ. ಅದಕ್ಕೇ ನಮ್ಮ ಕೇಟರಿಂಗಿನಲ್ಲಿ ಮೊದಲು ಕೈಹಾಕಿದ್ದು ಲೋಟಕ್ಕೆ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ಕೇರಳದಲ್ಲಿ ಏಕಬಳಕೆ ಪ್ಲಾಸ್ಟಿಕ್ ನಿಷೇಧ 2020ರ ಜನವರಿ 1ರಿಂದ ಇದೆ. ಪ್ಲಾಸ್ಟಿಕ್ ಲೇಪನದ ಕಾಗದದ ಲೋಟ, ತಟ್ಟೆ ಕೂಡ ಆ ಪಟ್ಟಿಯಲ್ಲಿವೆ. ಇಡೀ ದೇಶಕ್ಕೆ ನಿಷೇಧ ಬಂದದ್ದು 2022ರ ಜುಲೈ 1ಕ್ಕೆ. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಾದರೆ ಮೂರು ದಿನ ಮೊದಲೇ ಪಂಚಾಯತಿಗೆ ತಿಳಿಸಬೇಕು. ಪೇಪರ್ ಲೋಟ ಕಾಗದವೇ ಅಲ್ಲವೇ ಎಂದು ಕೇಳುವವರು ಈಗಲೂ ಇದ್ದಾರೆ. ಒಳಗಿನ ತೆಳು ಪ್ಲಾಸ್ಟಿಕ್ ಪದರ ಇಲ್ಲದಿದ್ದರೆ ಅದರಲ್ಲಿ ಚಾ ನಿಲ್ಲುವುದೇ ಇಲ್ಲ. ಬಿಸಿ ದ್ರವ ಹದಿನೈದು ನಿಮಿಷ ನಿಂತರೆ 100 ಮಿ.ಲೀ.ಗೆ 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಡುತ್ತದೆ ಎಂದು ಖರಗ್‌ಪುರದ ಐಐಟಿಯವರು 2020ರಲ್ಲಿ ತೋರಿಸಿದ್ದರು. ಬಳಸಿದ ಮೇಲೆ ಅದನ್ನು ಗೊಬ್ಬರದ ಗುಂಡಿಗೂ ಹಾಕುವಂತಿಲ್ಲ, ರದ್ದಿಯವರೂ ಒಯ್ಯುವುದಿಲ್ಲ.

ಸ್ಟೀಲ್ ಲೋಟ ಕೊಳ್ಳುವಾಗ ಬಾಯಿ ನೋಡಿ ಕೊಳ್ಳಬೇಕು. ಅಂಚನ್ನು ಹೊರಕ್ಕೆ ಸುರುಳಿ ಮಡಚಿದ ಲೋಟ ಕೈಗೆ ಚಂದ, ಆದರೆ ಆ ಸುರುಳಿಯೊಳಗೆ ಸೋಪಿನ ನೀರು ನಿಲ್ಲುತ್ತದೆ. ಮಗುಚಿ ಇಟ್ಟರೂ ಇಳಿಯುವುದಿಲ್ಲ, ಮರುದಿನ ವಾಸನೆ. ಅಂಚು ನುಣುಪಾಗಿ ಉಜ್ಜಿದ, ಮಡಿಕೆ ಇಲ್ಲದ 200 ಮಿ.ಲೀ. ಲೋಟ ಸಾಕು. ತೀರಾ ಇಳಿಜಾರಿನದ್ದು ಬೇಡ, ಒದ್ದೆ ಇದ್ದಾಗ ಒಂದರೊಳಗೊಂದು ಕಚ್ಚಿಕೊಂಡು ಬಿಡುತ್ತದೆ. ಕಚ್ಚಿದರೆ ಬಡಿಯಬಾರದು, ಹೊರಗಿನ ಲೋಟವನ್ನು ಬಿಸಿನೀರಲ್ಲಿ ಹಿಡಿದು ಒಳಗಿನದ್ದಕ್ಕೆ ತಣ್ಣೀರು ಹೊಯ್ದರೆ ತಾನೇ ಬಿಡುತ್ತದೆ. ತಳಕ್ಕೆ ಗುರುತು ಕೆತ್ತಿಸಲೇಬೇಕು. ಜಂಬರದ ಮನೆಯವರದ್ದು, ಪಕ್ಕದ ಮನೆಯಿಂದ ತಂದದ್ದು, ನಮ್ಮದು ಎಲ್ಲ ಒಟ್ಟಾದ ಮೇಲೆ ಹೆಕ್ಕಲು ಅದೊಂದೇ ದಾರಿ.

ಇಡಲು ತರಕಾರಿಯ ತೂತಿನ ಕ್ರೇಟು, 60×40 ಸೆಂ.ಮೀ.ದು. ಏಳು ಸೆಂಟಿಮೀಟರು ಬಾಯಿಯ ಲೋಟ ಮಗುಚಿ ಇಟ್ಟರೆ ಒಂದು ವರಸೆಗೆ 8×5, ಅಂದರೆ 40. ಎರಡು ವರಸೆಗೆ 80. ಲೋಟವನ್ನು ಒಂದೊಂದಾಗಿ ಎಣಿಸುವ ಕೆಲಸವೇ ಇಲ್ಲ, ಎಂಟು ಕ್ರೇಟು ಹೋಯಿತು, ಎಂಟು ತುಂಬಿ ಬಂತು ಎಂದರೆ ಮುಗಿಯಿತು.

ಐನೂರು ಜನಕ್ಕೆ ಈ ಎಂಟು ಕ್ರೇಟು, 640 ಲೋಟ, ಹೇಗೆ ಸಾಕಾಗುತ್ತದೆ? ಕಷ್ಟದ ಹೊತ್ತು ಊಟದ್ದಲ್ಲ, ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೊಂದರವರೆಗಿನದ್ದು. ಬಂದವರಿಗೆಲ್ಲ ಆಸರಿಗೆ ಪಾನಕವೋ ಬೆಲ್ಲ-ನೀರೋ ಆಗಬೇಕು, ಅದರ ಬೆನ್ನಿಗೇ ತಿಂಡಿ, ಚಾ. ಒಂದೂವರೆ ಗಂಟೆಯಲ್ಲಿ ಸಾವಿರ ಲೋಟ ಬೇಕು. ಇಬ್ಬರು ಕೂತು ತೊಳೆದರೆ ಗಂಟೆಗೆ ಮುನ್ನೂರು ಹೊರಬರುತ್ತದೆ, ಒಂದೂವರೆ ಗಂಟೆಗೆ 450. ಕೈಯಲ್ಲಿರುವ 640 ಸೇರಿದರೆ 1,090. ದಾಟಿತು, ಆದರೆ ಕೂದಲೆಳೆಯಲ್ಲಿ. ಲೋಟ ತಿರುಗಿ ಬಾರದಿದ್ದರೆ ಲೆಕ್ಕ ಕೆಡುವುದು ಇಲ್ಲೇ. ಪಾನಕ ಹಿಡಿದುಕೊಂಡು ಜನ ಚಪ್ಪರದ ಹೊರಗೆ, ತೋಟದ ಬದಿಗೆ, ಕಾರಿನ ಹತ್ತಿರಕ್ಕೆಲ್ಲ ಹೋಗುತ್ತಾರೆ. ಲೋಟ ಅಲ್ಲೇ ಕಟ್ಟೆಯ ಮೇಲೆ. ಇದಕ್ಕೆ ಕೊಡುವವನಿಗಿಂತ ಹೆಕ್ಕುವವನು ಮುಖ್ಯ. ಹರಿವಾಣ ಹಿಡಿದು ಸುತ್ತುವ ಇಬ್ಬರು ಹುಡುಗರನ್ನು ಅದೊಂದಕ್ಕೇ ಬಿಡಬೇಕು, ಅವರಿಗೆ ಬಡಿಸುವ ಕೆಲಸ ಹೇಳಬಾರದು. ಖಾಲಿ ಲೋಟ ಇಡುವ ಮೇಜು ಕೊಡುವ ಮೇಜಿನಿಂದ ದೂರ, ಹೊರಗೆ ಹೋಗುವ ದಾರಿಯಲ್ಲೇ ಇರಲಿ. ಪಕ್ಕಪಕ್ಕ ಇಟ್ಟರೆ ಯಾರೂ ಹಿಂದೆ ನಡೆದು ಬರುವುದಿಲ್ಲ.

ತೊಳೆಯುವ ಕಡೆ ಸಾಲಾಗಿ 60 ಲೀಟರಿನ ಮೂರು ಟಬ್ಬು, ಅದಕ್ಕೂ ಮೊದಲು ಒಂದು ಬಕೆಟು. ಉಳಿದ ಪಾನಕ, ಮಜ್ಜಿಗೆ ಚೆಲ್ಲಿ ತಣ್ಣೀರಲ್ಲಿ ಒಮ್ಮೆ ಅಲುಗಿಸುವುದು ಬಕೆಟಿನಲ್ಲಿ. ಮಜ್ಜಿಗೆ, ಹಾಲು ಹಾಕಿದ ಚಾ ಕುಡಿದ ಲೋಟವನ್ನು ನೇರ ಬಿಸಿನೀರಿಗೆ ಹಾಕಿದರೆ ಹಾಲಿನ ಅಂಶ ಬೆಂದು ಸ್ಟೀಲಿಗೆ ಅಂಟುತ್ತದೆ, ಆಮೇಲೆ ಉಜ್ಜಿದರೂ ಬಿಳಿ ಪೊರೆ ಉಳಿಯುತ್ತದೆ. ಮೊದಲ ಟಬ್ಬು ಸೋಪಿನದ್ದು, ಎರಡನೆಯದು ಜಾಲಿಸಲು, ಮೂರನೆಯದು ಒಲೆಯ ಮೇಲೆ.

ಮೂರನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನೀರು 80 ಡಿಗ್ರಿ ಇರಲಿ, 77ಕ್ಕಿಂತ ಇಳಿಯದಿರಲಿ. ತಂತಿಯ ಬುಟ್ಟಿಯಲ್ಲಿ 40 ಲೋಟ ತುಂಬಿ ಮೂವತ್ತು ಸೆಕೆಂಡು ಮುಳುಗಿಸಿ ಎತ್ತುವುದು. ಕೈಯಲ್ಲಿ ಮುಟ್ಟಿ ಅಂದಾಜು ಮಾಡುವ ಬಿಸಿ ಇದಲ್ಲ, ಕೈ ಸಹಿಸುವುದು ಹೆಚ್ಚೆಂದರೆ 50–55 ಡಿಗ್ರಿ. ಒಂದು ಥರ್ಮಾಮೀಟರು ತೂಗುಹಾಕಿ. ಬಿಸಿಯಲ್ಲಿ ಎತ್ತಿದ ಲೋಟ ಒರೆಸದೆಯೇ ಎರಡು ಮೂರು ನಿಮಿಷದಲ್ಲಿ ಒಣಗುತ್ತದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ: ತಣ್ಣೀರಲ್ಲಿ ಜಾಲಿಸಿದ್ದು ಸಂಜೆಗೂ ಒದ್ದೆ, ಬಟ್ಟೆಯಲ್ಲಿ ಒರೆಸಲು ಹೋದರೆ ನೂರು ಲೋಟಕ್ಕೆ ಆ ಬಟ್ಟೆಯೇ ಕೊಳಕು. ಸೌದೆಗೆ ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ ನಮ್ಮಲ್ಲಿ ಬೇಕಾದಷ್ಟಿದೆ. ಒಲೆ ಹಾಕಲು ಜಾಗವಿಲ್ಲದ ಸಭಾಭವನದಲ್ಲಿ ಬ್ಲೀಚಿಂಗ್ ಪುಡಿ ಬಳಸಬಹುದು. 33 ಶೇಕಡ ಕ್ಲೋರಿನ್ ಇರುವ ಪುಡಿಯಾದರೆ 100 ಲೀಟರಿಗೆ 15 ಗ್ರಾಂ, ಎರಡು ನಿಮಿಷ, ಮತ್ತೆ ಶುದ್ಧ ನೀರು. ಅದರಲ್ಲಿ ನೆನೆಹಾಕಿ ಊಟಕ್ಕೆ ಹೋದರೆ ಸ್ಟೀಲಿನ ಮೇಲೆ ಸೂಜಿ ಚುಚ್ಚಿದ ಹಾಗೆ ಕಲೆ ಬೀಳುತ್ತದೆ, ಮತ್ತೆ ಹೋಗುವುದಿಲ್ಲ.

ನೀರಿನ ಲೆಕ್ಕ: ಸೋಪಿನ ಟಬ್ಬನ್ನು ಮುನ್ನೂರು ಲೋಟಕ್ಕೊಮ್ಮೆ, ಜಾಲಿಸುವ ಟಬ್ಬನ್ನು ನೂರೈವತ್ತಕ್ಕೊಮ್ಮೆ ಬದಲಾಯಿಸಬೇಕು. ಎರಡು ಸಾವಿರ ಲೋಟಕ್ಕೆ ಎಲ್ಲ ಸೇರಿ 1,300 ಲೀಟರು. ಏಪ್ರಿಲ್ ಕೊನೆಗೆ ಬಾವಿ ತಳ ಕಂಡು, ನೀರಿಗೆಂದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಲ್ಲಿ ನೀರು ಬೆರಳಿನ ಗಾತ್ರಕ್ಕೆ ಇಳಿದ ಮನೆಯಲ್ಲಿ ಇಷ್ಟು ಕೇಳುವುದು ನ್ಯಾಯವಲ್ಲ. ಜಾಲಿಸಿದ ನೀರನ್ನು ಚೆಲ್ಲದೆ ಮುಂದಿನ ಸೋಪಿನ ಟಬ್ಬಿಗೆ ಹೊಯ್ಯಿರಿ. 900 ಲೀಟರಿನಲ್ಲಿ ಮುಗಿಯುತ್ತದೆ. ಹೊರಹೋಗುವ ನೀರು ತೆಂಗಿನ ಸಿಪ್ಪೆ ತುಂಬಿದ ಒಂದು ಹೊಂಡ ದಾಟಿ ಬಾಳೆಯ ಬುಡಕ್ಕೆ ಹೋಗಲಿ. ಸಿಪ್ಪೆ ಜಿಡ್ಡು ಹಿಡಿಯುತ್ತದೆ, ಆಗಾಗ ಬದಲಾಯಿಸದಿದ್ದರೆ ಹೊಂಡ ಕಟ್ಟಿ ನಾರುತ್ತದೆ. ಅಡುಗೆಯ ಕೊಪ್ಪರಿಗೆಗೆ ಬೂದಿ, ಅಂಟುವಾಳವೇ ಸಾಕು; ಲೋಟಕ್ಕೆ ಬೂದಿ ಬೇಡ, ಗೀರು ಬೀಳುತ್ತದೆ.

ಕುಡಿಯುವ ನೀರಿಗೆ ಬಾಟಲಿ ತರಿಸುವುದು ನಿಲ್ಲಿಸಿ, ಜೀರಿಗೆಯೋ ರಾಮಚ್ಚವೋ (ಲಾವಂಚದ ಬೇರು) ಹಾಕಿ ಕುದಿಸಿದ ನೀರು ಕೊಡುತ್ತೇವೆ. ಐನೂರು ಜನಕ್ಕೆ 300 ಲೀಟರು. ಹಿಂದಿನ ಸಂಜೆಯೇ ಕುದಿಸಬೇಕು. ದೊಡ್ಡ ಕೊಪ್ಪರಿಗೆಯಲ್ಲಿ ಮುಚ್ಚಿಟ್ಟ ನೀರು ಬೆಳಗ್ಗೆಗೂ ಉಗುರುಬೆಚ್ಚಗೇ ಇರುತ್ತದೆ, ಸೆಕೆಗಾಲದಲ್ಲಿ ಅದನ್ನು ಯಾರೂ ಕುಡಿಯರು. 50 ಲೀಟರಿನ ನಲ್ಲಿಯಿರುವ ಸ್ಟೀಲ್ ಡ್ರಮ್ಮುಗಳಿಗೆ ಹಂಚಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಗಾಳಿಯಾಡುವಲ್ಲಿ ಇಟ್ಟರೆ ಬೆಳಗ್ಗೆಗೆ ತಣಿಯುತ್ತದೆ. ಜೀರಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಹಾಕಿ, ಕುದಿ ಬಂದ ಮೇಲೆ ತೆಗೆಯಿರಿ. ರಾತ್ರಿಯಿಡೀ ಬಿಟ್ಟರೆ ಕಹಿ. ನಲ್ಲಿ ಇರುವುದರಿಂದ ಚೆಂಬು ಅದ್ದಿ ತೆಗೆಯುವ ಅಭ್ಯಾಸವೂ ತಪ್ಪುತ್ತದೆ, ಶುದ್ಧದ ದೃಷ್ಟಿಯಲ್ಲಿ ಇದು ಕುದಿಸುವಷ್ಟೇ ಮುಖ್ಯ.

ಎಲೆ ನೂರಕ್ಕೆ ಹತ್ತು ಹೆಚ್ಚು ತರಬೇಕು. ಗಾಳಿಮಳೆಯ ತಿಂಗಳಲ್ಲಿ ಇಪ್ಪತ್ತು. ಒದ್ದೆ ಗೋಣಿ ಸುತ್ತಿ ನೆರಳಲ್ಲಿ ಇಡಿ, ಪ್ಲಾಸ್ಟಿಕ್ ಶೀಟು ಮುಚ್ಚಿದರೆ ಒಳಗೆ ಬಿಸಿಯಾಗಿ ಹಳದಿಯಾಗುತ್ತದೆ. ಪೇಟೆಯಿಂದ ಬರುವ ಕಟ್ಟಿಗೆ ಪ್ಲಾಸ್ಟಿಕ್ ಹಗ್ಗ ಬಿಗಿದಿರುತ್ತಾರೆ. ಅದು ಎಲೆಯ ಜತೆ ಹಟ್ಟಿಗೆ ಹೋಗಿ ದನದ ಹೊಟ್ಟೆ ಸೇರುವುದೂ ಉಂಟು, ಆದ್ದರಿಂದ ಬಾಳೆ ನಾರಿನಲ್ಲೇ ಕಟ್ಟಿಕೊಡಿ ಎಂದು ಆರ್ಡರಿನಲ್ಲೇ ಹೇಳುತ್ತೇವೆ. ಎಲೆಗಿಂತ ಹೆಚ್ಚು ಕಸ ಮಾಡುವುದು ಅದರಡಿಯ ಮೇಜಿನ ಪೇಪರು. ಮಿರುಗುವ ರೋಲಿಗೆ ಪ್ಲಾಸ್ಟಿಕ್ ಲೇಪನ ಇರುತ್ತದೆ. ಪ್ರತಿ ಪಂಕ್ತಿಗೂ ಮೇಜಿನುದ್ದಕ್ಕೆ ಹಾಸಿ ಅನ್ನ ಸಾಂಬಾರಿನ ಸಮೇತ ಸುತ್ತಿ ಬಿಸಾಡುತ್ತಾರೆ. ನಾವು ಹಾಸುವುದನ್ನೇ ಬಿಟ್ಟಿದ್ದೇವೆ. 170 ಜನರ ಪಂಕ್ತಿಗೆ ಮೇಜು ಒರೆಸಲು ಇಬ್ಬರು, ಬಿಸಿನೀರಿನ ಬಕೆಟು ಎರಡು, ಬಟ್ಟೆ ಎಂಟು. ಹತ್ತು ನಿಮಿಷದ ಕೆಲಸ.

ತಿಂಡಿಗೆ ಅಡಿಕೆಯ ಹಾಳೆತಟ್ಟೆ ಸಾಕು. ಕೊಳ್ಳುವಾಗ ಮೂಸಿ ನೋಡಿ, ಕಮಟು ಇದ್ದರೆ ಸರಿಯಾಗಿ ಒಣಗದ ಹಾಳೆ. ಕಪ್ಪು ಚುಕ್ಕೆ ಇದ್ದರೆ ಬೂಷ್ಟು ಹಿಡಿದು ತೊಳೆದದ್ದು. ಬಿಸಿ ಸಾಂಬಾರು ಹೊಯ್ದು ಹತ್ತು ನಿಮಿಷ ಬಿಟ್ಟು ಅಡಿ ಮುಟ್ಟಿ ನೋಡಿ. ಬೇಸಿಗೆಯಲ್ಲಿ ಹೆಕ್ಕಿದ ಹಾಳೆಯ ತಟ್ಟೆ ಒಳ್ಳೆಯದು, ಮಳೆಗಾಲಕ್ಕೂ ಆಗಲೇ ತೆಗೆದಿಟ್ಟು ಗಾಳಿಯಾಡದ ಡ್ರಮ್ಮಿನಲ್ಲಿ ಇಡಬೇಕು. ಹಾಳೆಯಲ್ಲಿರುವ ಅಡಿಕೆಯ ಆಲ್ಕಲಾಯ್ಡುಗಳು ಆಹಾರಕ್ಕೆ ಇಳಿಯಬಹುದು ಎಂದು 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದಕ್ಕೆ ಅಡ್ಡಿ ಹೇಳಿತು. ಹಾಳೆಯನ್ನೇ ನಂಬಿದ ಊರಿಗೆ ಇದು ಸಣ್ಣ ಸುದ್ದಿ ಅಲ್ಲ. ತಟ್ಟೆಯ ಮೇಲೆ ಒಂದು ತುಂಡು ಬಾಳೆಲೆ ಹಾಸಿ ಬಡಿಸುವುದು ನಮ್ಮ ಕ್ರಮ. ಬಿಸಿ ಸಾರು, ಪಾಯಸಕ್ಕೆ ಹಾಳೆಯ ಬಟ್ಟಲು ಕೊಡುವುದಿಲ್ಲ, ಸ್ಟೀಲೇ. "ಕಂಪೋಸ್ಟಬಲ್" ಎಂದು ಅಚ್ಚಾದ ಪ್ಲಾಸ್ಟಿಕ್ ಚೀಲ, ಚಮಚದ ಮೇಲೆ ನನಗೆ ನಂಬಿಕೆ ಕಡಿಮೆ. ಅದು ಕರಗಲು 58–60 ಡಿಗ್ರಿ ಬಿಸಿ ಹಿಡಿದಿಡುವ ದೊಡ್ಡ ಘಟಕ ಬೇಕು. ಮನೆಯ ಗುಂಡಿಯಲ್ಲಿ ವರ್ಷ ಕಳೆದರೂ ಹಾಗೇ ಇರುತ್ತದೆ.

ಊಟ ಮುಗಿದ ಮೇಲೆ ವಿಂಗಡಿಸುವುದು ಎಲೆ ಎತ್ತುವಾಗಲೇ ಆಗಬೇಕು, ಆಮೇಲೆ ಯಾರೂ ಮಾಡುವುದಿಲ್ಲ. ಅನ್ನ, ಪಲ್ಯ ಒಂದು ಬುಟ್ಟಿಗೆ ಸರಿಸಿ, ಎಲೆ ಇನ್ನೊಂದಕ್ಕೆ. ಅನ್ನ ಕಂಡರೆ ಹಟ್ಟಿಗೆ ಒಯ್ಯುವವರು ಬರುತ್ತಾರೆ. ಒಂದು ದನಕ್ಕೆ ಒಂದೆರಡು ಕಿಲೋ ಮೀರಬಾರದು. ಬೆಂದ ಅನ್ನ ಹೊಟ್ಟೆಯಲ್ಲಿ ಬೇಗ ಹುಳಿಯಾಗಿ ಮೇವು ಬಿಡುತ್ತದೆ, ಹೆಚ್ಚಾದರೆ ಜೀವಕ್ಕೇ ಅಪಾಯ. ಗೋಬರ್ ಗ್ಯಾಸಿಗೂ ಹಾಗೆಯೇ, ದಿನಕ್ಕೆ ಐದು ಕಿಲೋ ತಿನ್ನುವ ಗುಂಡಿಗೆ ಜಂಬರದ ಐವತ್ತು ಕಿಲೋ ಒಟ್ಟಿಗೆ ಸುರಿದರೆ ಹುಳಿಯೇರಿ ಗ್ಯಾಸು ನಿಲ್ಲುತ್ತದೆ. ಆಗ ಕೆಲವು ದಿನ ಏನೂ ಹಾಕದೆ ಸಗಣಿ ನೀರು ಮಾತ್ರ ಕೊಡಬೇಕು. ಬಾಳೆಲೆಯನ್ನು ಗ್ಯಾಸಿನ ಗುಂಡಿಗೆ ಹಾಕಲೇಬಾರದು, ನಾರು ಮೇಲೆ ತೇಲಿ ಕೆನೆ ಕಟ್ಟುತ್ತದೆ.

ಎಲೆ, ಹಾಳೆತಟ್ಟೆಗೆ ಎರೆಗೊಬ್ಬರವೇ ಸರಿ. ತೆಂಗಿನ ಮಡಲಿಗೆಂದು (ಗರಿಗೆಂದು) ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ರೂಪಿಸಿದ ಕ್ರಮ ಇದಕ್ಕೂ ಹೊಂದುತ್ತದೆ: ಹತ್ತು ಪಾಲು ಎಲೆಗೆ ಒಂದು ಪಾಲು ತೂಕದ ಸಗಣಿ, ಎರಡು ಮೂರು ವಾರ ಕೊಳೆಯಲು ಬಿಟ್ಟು ಆಮೇಲೆ ಯೂಡ್ರಿಲಸ್ ಜಾತಿಯ ಎರೆಹುಳ, ಸಾವಿರ ಕಿಲೋಗೆ ಒಂದು ಕಿಲೋ. ಮೊದಲೇ ಹುಳ ಬಿಟ್ಟರೆ ರಾಶಿಯ ಬಿಸಿಗೆ ಸಾಯುತ್ತವೆ. ಉಪ್ಪಿನಕಾಯಿ, ಲಿಂಬೆ ಹೋಳು ಹೆಕ್ಕಿ ತೆಗೆಯಿರಿ. ಹಾಳೆತಟ್ಟೆಯನ್ನು ಮುರಿದು ಸಗಣಿ ನೀರಲ್ಲಿ ನೆನೆಸಿ ಹಾಕಿ, ಇಡಿಯಾಗಿ ಹಾಕಿದರೆ ನೀರು ಹಿಡಿದಿಟ್ಟುಕೊಂಡು ಒಳಗೆ ಕೊಳೆಯದೆ ನಾರುತ್ತದೆ.

ಹಣದ ಮಾತು. ಎರಡು ಸಾವಿರ ಪೇಪರ್ ಲೋಟಕ್ಕೆ ಸುಮಾರು ಎರಡು ಸಾವಿರ ರೂಪಾಯಿ. ತೊಳೆಯುವ ಇಬ್ಬರ ಸಂಬಳ, ಸೋಪು, ಸೌದೆ ಸೇರಿದರೆ ಅಷ್ಟೇ ಆಗುತ್ತದೆ, ಕೆಲವೊಮ್ಮೆ ಹೆಚ್ಚೇ. ಲೋಟಕ್ಕೆ ಹಾಕಿದ ಇಪ್ಪತ್ತು ಇಪ್ಪತ್ತೆರಡು ಸಾವಿರ ಬೇರೆ. ಇದರಲ್ಲಿ ಉಳಿತಾಯ ಇದೆ ಎಂದು ಹೇಳಿ ಯಾರನ್ನೂ ಒಪ್ಪಿಸಲು ಹೋಗಬೇಡಿ. ತೊಳೆಯುವ ಖರ್ಚನ್ನು ಎಲೆಗೆ ಇಷ್ಟು ಎಂಬ ದರದೊಳಗೇ ಸೇರಿಸಿ; ಬೇರೆ ಸಾಲಿನಲ್ಲಿ ಬರೆದರೆ ಮನೆಯವರು ಮೊದಲು ಹೊಡೆದು ಹಾಕುವುದು ಅದನ್ನೇ. "ಒಂದು ದಿನಕ್ಕಲ್ವಾ ಭಟ್ರೇ, ಪೇಪರ್ ಲೋಟ ತರ್ಸಿ" ಎನ್ನುವ ಮಾತಿಗೆ ಆಗ ಜಾಗವೇ ಇರುವುದಿಲ್ಲ.

ಕೊನೆಗೆ ಚೀಲದಲ್ಲಿ ಉಳಿಯುವುದು ಮಸಾಲೆಯ ಕವರು, ಅಕ್ಕಿಯ ಗೋಣಿಯ ದಾರ, ಹಾಲಿನ ಪ್ಯಾಕೆಟು. ಎಣ್ಣೆ ಟಿನ್ನಿನಲ್ಲೇ ತರಿಸುತ್ತೇವೆ. ಹತ್ತಿರದ ಹಾಲಿನ ಸೊಸೈಟಿಯಲ್ಲಿ ಮೊದಲೇ ಹೇಳಿಟ್ಟರೆ 40–50 ಲೀಟರು ಕ್ಯಾನಿನಲ್ಲಿ ಸಿಗುತ್ತದೆ, ಬಂದ ಕೂಡಲೇ ಕಾಯಿಸಬೇಕು ಅಷ್ಟೆ. ಸಿಗದ ದಿನ ಪ್ಯಾಕೆಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಆ ತುಣುಕು ಎಲೆಯ ರಾಶಿಗೆ ಸೇರಿದರೆ ಹೆಕ್ಕಲಾಗದು, ಸೀಳಿ ಬಿಡಿ. ಅಂದೇ ತೊಳೆದು ಮಗುಚಿ ಒಣಗಿಸಿದರೆ ಮನೆಮನೆಯಿಂದ ಒಣಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ಒಯ್ಯುತ್ತಾರೆ. ಒದ್ದೆ ಇದ್ದದ್ದನ್ನು ಮುಟ್ಟುವುದಿಲ್ಲ, ಮುಟ್ಟಬೇಕೆಂದು ಹೇಳುವುದೂ ಸರಿಯಲ್ಲ. ಐಸ್‌ಕ್ರೀಮ್ ಬೇಕೇಬೇಕು ಎನ್ನುವವರಿಗೆ ದೊಡ್ಡ ಡಬ್ಬದ್ದು ತರಿಸಿ ಸ್ಟೀಲ್ ಬಟ್ಟಲಿಗೆ ತೋಡಿ ಕೊಡುತ್ತೇವೆ. ಬಿಸಿನೀರಿನಿಂದ ಆಗಷ್ಟೇ ಎತ್ತಿದ ಬಟ್ಟಲು ಬೇಡ, ಕೂರುವ ಮೊದಲೇ ನೀರಾಗುತ್ತದೆ. ಅದಕ್ಕೆ ನೂರೆಪ್ಪತ್ತು ಬಟ್ಟಲು ಬೇರೆಯೇ ತಣಿಸಿ ಇಡಬೇಕು.