ಹಳೆಯ ಶಾಸನ ಸಂಪುಟವನ್ನು ಹುಡುಕಲು ಬರುವ ಪಠ್ಯವಾಗಿಸಿದ್ದು

ದಾವಣಗೆರೆ ಸುತ್ತಿನ ಕೆರೆ, ಕಾಲುವೆ, ತೂಬುಗಳ ಬಗ್ಗೆ ಶಾಸನಗಳು ಹೇಳುವುದನ್ನೆಲ್ಲ ಒಂದೆಡೆ ಇಟ್ಟು ನೋಡಬೇಕೆಂಬ ಆಸೆ ನನಗೆ ಹಳೆಯದು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟ ಅಂದಿನ ಚಿತ್ರದುರ್ಗ ಜಿಲ್ಲೆಯದು. ಹರಿಹರದ ಶಾಸನಗಳು ಅದರಲ್ಲಿ ದಾವಣಗೆರೆ ತಾಲ್ಲೂಕಿನ ಲೆಕ್ಕಕ್ಕೆ ಸೇರಿವೆ. ಶಾಸನಗಳನ್ನು ಜೋಡಿಸಿರುವುದು ತಾಲ್ಲೂಕುವಾರು. ವಿಷಯ ಹಿಡಿದು ಹೊರಟವರು ಪುಟ ಮಗುಚುತ್ತಲೇ ಇರಬೇಕು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಪ್ರತಿ ಪುಕ್ಕಟೆ ಸಿಗುತ್ತದೆ ನಿಜ, ಆದರೆ ಅದು ಪುಟದ ಚಿತ್ರವಷ್ಟೆ.

ಚಿತ್ರದಿಂದ ಅಕ್ಷರ ಎತ್ತಲು ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶ ಬಳಸಿದೆ. ಅದಕ್ಕೆ ಕನ್ನಡ ಬರುತ್ತದೆ. ಹಳೆಯ ಅಚ್ಚಿನ ಮುಂದೆ ಮಾತ್ರ ತಡವರಿಸುತ್ತದೆ. ಅರ್ಕಾವೊತ್ತನ್ನು ಒಂಬತ್ತೆಂದೂ ಸೊನ್ನೆಯನ್ನು ಅನುಸ್ವಾರವೆಂದೂ ಓದುತ್ತದೆ. ‘ಧರ್ಮ’ ಹೋಗಿ ‘ಧಮ೯’ ಆಗುತ್ತದೆ. ಇದಕ್ಕೆ ಮದ್ದು ಸುಲಭ: ಅಕ್ಷರದ ಬೆನ್ನಿಗೆ ೯ ಅಂಟಿಕೊಂಡಿದ್ದರೆ ಅದನ್ನು ಕಿತ್ತು, ಆ ಅಕ್ಷರಕ್ಕೆ ಮೊದಲು ‘ರ್’ ಸೇರಿಸುವ ನಿಯಮ ಬರೆದೆ. ಶಕವರ್ಷಗಳನ್ನು ನಿಯಮಕ್ಕೆ ಒಪ್ಪಿಸದೆ ಕಣ್ಣಾರೆ ನೋಡಿ ತಿದ್ದಿದೆ.

ನಿಜವಾದ ತೊಡಕು ಱ ಮತ್ತು ೞ, ಈಗ ಬಳಕೆಯಲ್ಲಿಲ್ಲದ ಹಳಗನ್ನಡದ ಎರಡು ಅಕ್ಷರಗಳು. ಹಳೆಯ ಶಾಸನಗಳಲ್ಲಿ ಇರುವುದು ‘ಕೆಱೆ’. ‘ಕೆರೆ’ ಎಂದು ಹುಡುಕಿದರೆ ಗಣಕ ಏನೂ ಇಲ್ಲವೆನ್ನುತ್ತದೆ. (ಗಣಕಗಳು ಬಳಸುವ ಯೂನಿಕೋಡ್ ಎಂಬ ಅಕ್ಷರಪಟ್ಟಿಯಲ್ಲಿ ೞಕ್ಕೆ ‘ಫ’ ಎಂದು ಹೆಸರು ಕೊಟ್ಟಿದ್ದಾರೆ! ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬ ನಿಯಮವಿರುವುದರಿಂದ ಪಕ್ಕದಲ್ಲಿ ಸರಿಯಾದ ಹೆಸರೊಂದನ್ನು ಸೇರಿಸಿ ಕೈತೊಳೆದುಕೊಂಡಿದ್ದಾರೆ.) ನೆರವಿಗೆ ಬಂದಿದ್ದ ವಿದ್ಯಾರ್ಥಿ, “ಸರ್, ಎಲ್ಲ ಱವನ್ನೂ ರ ಮಾಡಿಬಿಡೋಣ” ಎಂದ. ನಾನು ಒಪ್ಪಲಿಲ್ಲ. ಕಾಲ ಗುರುತಿಸಲು ಈ ಅಕ್ಷರಗಳೂ ಒಂದು ಸುಳಿವು. ಹಾಗಾಗಿ ಪ್ರತಿ ಸಾಲನ್ನೂ ಎರಡು ಬಾರಿ ಇಟ್ಟೆವು: ಅಚ್ಚಿನಲ್ಲಿದ್ದಂತೆ ಒಂದು, ಹುಡುಕಾಟಕ್ಕೆಂದೇ ಸರಳಗೊಳಿಸಿದ್ದು ಇನ್ನೊಂದು. ಅಳಿದ ಅಕ್ಷರಗಳ ಜಾಗದಲ್ಲಿ ಅಚ್ಚಾಗಿದ್ದ ಚುಕ್ಕೆಗಳನ್ನು ಹಾಗೆಯೇ ಬಿಟ್ಟೆವು. ಸಂಸ್ಕೃತ ಪದ್ಯಗಳಿಗಾಗಿ ‘ತಟಾಕ’ದಂಥ ಮಾತುಗಳನ್ನೂ ಕೆರೆಯ ಪಟ್ಟಿಗೆ ಸೇರಿಸಿದೆವು.

ಆಮೇಲೆ ಎಲ್ಲವನ್ನೂ ವರ್ಷವಾರು ಜೋಡಿಸಿದೆ. ಹರಿದ್ರಾ ನದಿಗೆ ಕಟ್ಟಿದ ಅಣೆಕಟ್ಟನ್ನು ಹೇಳುವ 1410ರ ಹರಿಹರದ ಶಾಸನವೂ, ಅದೇ ಅಣೆ ಒಡೆದು ದುರಸ್ತಿಯಾದದ್ದನ್ನು ಹೇಳುವ 1424ರ ಶಾಸನವೂ ಒಂದೇ ಪರದೆಯಲ್ಲಿ ಬಂದವು. ಸೂಳೆಕೆರೆಯ ನೀರು ಇಂದಿಗೂ ಈ ಹರಿದ್ರಾ ಹಳ್ಳದಲ್ಲೇ ಹರಿದು ತುಂಗಭದ್ರೆ ಸೇರುತ್ತದೆ. ದಾನ ಕೊಟ್ಟವರ ಹೊಗಳಿಕೆಯನ್ನು ಬದಿಗಿಟ್ಟು, ಕಟ್ಟಿದ್ದೆಷ್ಟು, ಒಡೆದದ್ದೆಷ್ಟು ಎಂದು ಕೇಳುವ ಚರಿತ್ರೆ ನನಗೆ ಹೆಚ್ಚು ರುಚಿಸುತ್ತದೆ; ಅದಕ್ಕೆ ಈ ಜೋಡಣೆ ದಾರಿಮಾಡಿತು.

ಪ್ರತಿ ಸಾಲಿಗೂ ಮೂಲ ಪುಟದ ಚಿತ್ರದ ಕೊಂಡಿ ಇದೆ. ಮೊದಲಾದರೆ ಅಡಿಟಿಪ್ಪಣಿಯನ್ನು ನಂಬಬೇಕಿತ್ತು. ಈಗ ಯಾರು ಬೇಕಾದರೂ ಪುಟ ತೆರೆದು ಜಗಳಕ್ಕೆ ಬರಬಹುದು. ಚಳ್ಳಕೆರೆಯ ಓದುಗರೊಬ್ಬರು ಬಂದೂಬಿಟ್ಟರು. ನಾನು ‘ಪ’ ಎಂದು ಓದಿದ್ದನ್ನು ಅವರು ‘ಷ’ ಎನ್ನುತ್ತಾರೆ. ಅಚ್ಚು ಮಸುಕಾಗಿರುವುದರಿಂದ ಎರಡೂ ಓದುಗಳನ್ನು ಆ ಸಾಲಿನ ಕೆಳಗೆ ಇಟ್ಟಿದ್ದೇನೆ. ಇತ್ಯರ್ಥವೇನಿದ್ದರೂ ಕಲ್ಲಿನ ಮುಂದೆ ನಿಂತ ಮೇಲೆ.