ಲ್ಯಾಂಡ್ ಕ್ರೂಸರ್ ಒಂದು ಕಡೆ ವಾಲಿದೆಯಾ? ಸಿಲಿಂಡರ್ ಬದಲಿಸುವ ಮುಂಚೆ ಇಷ್ಟು ನೋಡಿ

ದುಬೈ, ಮಸ್ಕತ್ ಕಡೆ ಕೆಲಸದಲ್ಲಿರುವ ನಮ್ಮವರಲ್ಲಿ ರಜೆ ಬಂದರೆ ಗಾಡಿಯನ್ನು ಮರಳಿಗೆ ಇಳಿಸುವವರು ಇದ್ದಾರೆ. ಸೆಕೆಂಡ್ ಹ್ಯಾಂಡ್ ಲ್ಯಾಂಡ್ ಕ್ರೂಸರ್ 200 ಅಥವಾ ಪ್ರಾಡೊ 150 ತೆಗೆದುಕೊಂಡವರು ಕೆಲವೊಮ್ಮೆ ಒಂದು ವಿಚಿತ್ರ ನೋಡುತ್ತಾರೆ. ಸಮನೆಲದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿದರೆ ಗಾಡಿ ಒಂದು ಬದಿಗೆ ವಾಲಿರುತ್ತದೆ. ಅದರಲ್ಲಿ ಕೆಡಿಎಸ್ಎಸ್ (ಗಾಡಿ ಪಕ್ಕಕ್ಕೆ ಬಾಗುವುದನ್ನು ಆಯಿಲ್ ಸಿಲಿಂಡರ್‌ಗಳಿಂದ ಹಿಡಿಯುವ ಸಸ್ಪೆನ್ಷನ್ ವ್ಯವಸ್ಥೆ) ಇದೆ ಎಂದು ಗೊತ್ತಾದರೆ ಸಾಕು, ಗ್ಯಾರೇಜಿನವರ ಬಾಯಲ್ಲಿ ಬರುವ ಮೊದಲ ಮಾತು 'ಸಿಲಿಂಡರ್ ಹೋಗಿದೆ'. ಸಿಲಿಂಡರ್ ಅಗ್ಗದ ಸಾಮಾನಲ್ಲ. ಆದರೆ ವಾಲಿದ ಗಾಡಿಯ ಕಾಯಿಲೆ ಬಹಳ ಸಲ ಒಂದು ಆಲನ್ ಕೀಯಲ್ಲೇ (ಆರು ಮೂಲೆಯ ಕೀ) ವಾಸಿಯಾಗುತ್ತದೆ.

ಮೊದಲು ಕೆಡಿಎಸ್ಎಸ್ ಕೆಲಸ ಮಾಡುವ ರೀತಿ ತಿಳಿದಿರಲಿ. ತಿರುವಿನಲ್ಲಿ ಗಾಡಿ ಪಕ್ಕಕ್ಕೆ ಬಾಗದಂತೆ ಹಿಡಿಯುವುದು ಸ್ಟೆಬಿಲೈಸರ್ ಬಾರ್. ರೋಡಿನಲ್ಲಿ ಅದು ಗಟ್ಟಿಯಾಗಿದ್ದರೆ ಒಳ್ಳೆಯದು. ಕಲ್ಲು, ಗುಂಡಿಗಳಲ್ಲಿ ಅದೇ ಅಡ್ಡಿ. ಒಂದು ಚಕ್ರ ಮೇಲೆದ್ದಾಗ ಎದುರು ಬದಿಯ ಚಕ್ರವನ್ನು ಕೆಳಗಿಳಿದು ನೆಲ ಮುಟ್ಟಲು ಬಿಡುವುದಿಲ್ಲ. ಇದಕ್ಕೆ ದಾರಿ ಹುಡುಕಿದ್ದು ಪಶ್ಚಿಮ ಆಸ್ಟ್ರೇಲಿಯಾದ ಡನ್ಸ್‌ಬರೊ ಎಂಬ ಸಣ್ಣ ಊರಿನ ಕೈನೆಟಿಕ್ ಕಂಪನಿ. 1999ರಲ್ಲಿ ಅದನ್ನು ಅಮೆರಿಕದ ಟೆನೆಕೊ ಕೊಂಡಿತು. ಆಮೇಲೆ ಟೊಯೊಟಾ ಈ ವ್ಯವಸ್ಥೆಯನ್ನು ಲೆಕ್ಸಸ್ ಜಿಎಕ್ಸ್ 470ಕ್ಕೆ, ಮುಂದೆ ಲ್ಯಾಂಡ್ ಕ್ರೂಸರ್‌ಗಳಿಗೆ ತಂದಿತು.

ಮುಂದಿನ ಬಾರ್‌ಗೆ ಒಂದು, ಹಿಂದಿನ ಬಾರ್‌ಗೆ ಒಂದು ಸಿಲಿಂಡರ್. ಎರಡರ ಮೇಲಿನ ಕೋಣೆಗಳನ್ನು ಒಂದು ಪೈಪ್ ಜೋಡಿಸುತ್ತದೆ, ಕೆಳಗಿನ ಕೋಣೆಗಳನ್ನು ಇನ್ನೊಂದು. ತಿರುವಿನಲ್ಲಿ ಎರಡೂ ಸಿಲಿಂಡರ್‌ಗಳು ಆಯಿಲನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ. ಆಯಿಲಿಗೆ ಹೋಗಲು ಜಾಗವಿಲ್ಲ, ಹಾಗಾಗಿ ಬಾರ್ ಬಿಗಿಯಾಗುತ್ತದೆ. ಮುಂದಿನ ಬಲಚಕ್ರ, ಹಿಂದಿನ ಎಡಚಕ್ರ ಒಟ್ಟಿಗೆ ಮೇಲೆದ್ದರೆ ಒಂದು ಸಿಲಿಂಡರ್ ತಳ್ಳಿದ ಆಯಿಲನ್ನು ಇನ್ನೊಂದು ಎಳೆದುಕೊಳ್ಳುತ್ತದೆ. ಆಗ ಬಾರ್ ಸಡಿಲ. ಇದನ್ನು ತಳ್ಳುವ ಪಂಪ್ ಇಲ್ಲ, ಒಳಗೆ ಮುಚ್ಚಿಟ್ಟ ಆಯಿಲಿನದೇ ಎಲ್ಲ ಆಟ. (300 ಸರಣಿಯ ಇ-ಕೆಡಿಎಸ್ಎಸ್ ಕಂಪ್ಯೂಟರ್ ನಡೆಸುವ ಬೇರೆಯೇ ವ್ಯವಸ್ಥೆ. ಕೆಳಗಿನದು ಅದಕ್ಕಲ್ಲ.)

ಹಂತ 1: ಅಳೆಯಿರಿ

ಕಣ್ಣಳತೆ ನಂಬಬೇಡಿ. ನಾಲ್ಕೂ ಟೈರ್‌ಗಳ ಗಾಳಿ ಸಮ ಮಾಡಿ. ಮರಳಿಗಾಗಿ ಇಳಿಸಿದ ಗಾಳಿಯನ್ನು ವಾಪಸ್ ತುಂಬುವಾಗ ಒಂದರಲ್ಲಿ ಜಾಸ್ತಿ, ಒಂದರಲ್ಲಿ ಕಡಿಮೆ ಆಗುವುದು ಮಾಮೂಲಿ. ಡಿಕ್ಕಿಯ ಫ್ರಿಡ್ಜ್, ನೀರಿನ ಕ್ಯಾನ್, ಒಂದೇ ಬದಿಗೆ ಕಟ್ಟಿದ ಟೆಂಟ್ ಎಲ್ಲ ಇಳಿಸಿ. ಸಿಮೆಂಟ್ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿಗೆ ಟೇಪ್ ಹಿಡಿಯಿರಿ. ನಾಲ್ಕು ಕಡೆಯ ಅಳತೆ ಬರೆದುಕೊಳ್ಳಿ. ಗಾಡಿ ತಿರುಗಿಸಿ ನಿಲ್ಲಿಸಿ ಮತ್ತೊಮ್ಮೆ ಅಳೆದರೆ ನೆಲದ ಇಳಿಜಾರೂ ಗೊತ್ತಾಗುತ್ತದೆ. ಎಡಬಲಕ್ಕೆ ಕೆಲವು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಸುಮ್ನೆ ಬಿಟ್ಟುಬಿಡಿ. ಅರ್ಧ ಇಂಚು ದಾಟಿದರೆ ಮುಂದಕ್ಕೆ ಹೋಗಿ.

ಹಂತ 2: ಸೋರಿಕೆ ನೋಡಿ

ಟಾರ್ಚ್ ಹಿಡಿದು ಎರಡೂ ಸಿಲಿಂಡರ್‌ಗಳ ರಾಡ್ ಹೊರಬರುವ ಜಾಗ, ಚಾಸಿ ಉದ್ದಕ್ಕೂ ಹೋಗುವ ಪೈಪ್, ಪೈಪಿನ ಜೋಡಣೆ ಇವನ್ನು ನೋಡಿ. ಮಣ್ಣಿನ ಮೇಲೆ ಹಸಿ ಕಲೆ ಇದ್ದರೆ ಒರೆಸಿ, ಎರಡು ದಿನ ಓಡಿಸಿ, ಮತ್ತೆ ನೋಡಿ. ಸಮುದ್ರದ ಪಕ್ಕದ ಊರಿನ ಗಾಡಿಯಾದರೆ ಪೈಪಿನ ತುಕ್ಕಿನ ಮೇಲೂ ಒಂದು ಕಣ್ಣಿರಲಿ. ಗಾಡಿಯ ಕೆಳಗೆ ಹೋಗುವುದಾದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ. ತಿರುವಿನಲ್ಲಿ ಗಾಡಿ ಮೊದಲಿಗಿಂತ ಜಾಸ್ತಿ ಬಾಗುತ್ತಿದ್ದು, ಜೊತೆಗೆ ಹಸಿ ಕಲೆಯೂ ಸಿಕ್ಕರೆ ಒತ್ತಡ ಇಳಿದಿರುವ ಸಾಧ್ಯತೆ ಹೆಚ್ಚು. ಆಗ ಹಂತ 3 ಬಿಟ್ಟು ವರ್ಕ್‌ಶಾಪಿಗೆ ಹೋಗಿ. ಬರೀ 'ಟಕ್ ಟಕ್' ಸದ್ದು ಬರುತ್ತಿದ್ದರೆ ಅದು ಹೆಚ್ಚಾಗಿ ಬಾರ್‌ನ ರಬ್ಬರ್ ಬುಷ್ ಅಥವಾ ಲಿಂಕ್. ಅದಕ್ಕೂ ಆಯಿಲಿಗೂ ಸಂಬಂಧವಿಲ್ಲ.

ಹಂತ 3: ವಾಲ್ವ್ ಸಡಿಲಿಸಿ ನೋಡಿ

ಅಸಲಿ ಪರೀಕ್ಷೆ ಇಲ್ಲಿದೆ. ಸಾಮಾನ್ಯವಾಗಿ ಎಡಬದಿಯ ಚಾಸಿಯ ಒಳಗೆ ಸಿಲಿಂಡರ್‌ಗಳ ಪೈಪ್‌ಗಳು ಬಂದು ಸೇರುವ ವಾಲ್ವ್ ಜೋಡಣೆ ಇರುತ್ತದೆ. ಅದರಲ್ಲಿ ಆಯಿಲಿನ ದಾರಿ ತೆರೆದು ಮುಚ್ಚುವ, ಆಲನ್ ಕೀ ಹಿಡಿಸುವ ಎರಡು ಶಟರ್ ವಾಲ್ವ್‌ಗಳಿವೆ, ಸಾಮಾನ್ಯವಾಗಿ 5 ಎಂಎಂ. ಹತ್ತಿರದಲ್ಲೇ ಒಳಗಿನ ಗಾಳಿ ತೆಗೆಯುವ ಬ್ಲೀಡ್ ಸ್ಕ್ರೂಗಳೂ ಇರುತ್ತವೆ. ಅವನ್ನು ಮುಟ್ಟಲೇಬೇಡಿ. ಅದು ತೆರೆದರೆ ಒತ್ತಡದ ಆಯಿಲ್ ಚಿಮ್ಮುತ್ತದೆ. ವಿಶೇಷ ಪಂಪ್ ಇಲ್ಲದೆ ಮತ್ತೆ ತುಂಬಲು ಆಗುವುದಿಲ್ಲ. ಯಾವುದು ಯಾವುದೆಂದು ನಿಮ್ಮ ಮಾಡೆಲ್‌ನ ರಿಪೇರಿ ಪುಸ್ತಕದ ಚಿತ್ರ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಕೈ ಹಾಕಿ. ಅನುಮಾನ ಇದ್ದರೆ ಬಿಟ್ಟುಬಿಡಿ.

ನಾಲ್ಕೂ ಚಕ್ರ ನೆಲದ ಮೇಲಿರಲಿ, ಒಳಗೆ ಯಾರೂ ಬೇಡ. ಎರಡೂ ಶಟರ್ ವಾಲ್ವ್‌ಗಳನ್ನು ಎರಡೂವರೆ, ಮೂರು ಸುತ್ತು ಮಾತ್ರ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಗಾಡಿಯನ್ನು ಪಕ್ಕದಿಂದ ತಳ್ಳಿ ತೂಗಾಡಿಸಿ, ಅದೇ ಜಾಗದಲ್ಲಿ ನಿಧಾನಕ್ಕೆ ಹಿಂದೆ ಮುಂದೆ ಒಂದಿಷ್ಟು ಓಡಿಸಿ. ವಾಲ್ವ್ ತೆರೆದಿರುವಾಗ ಬಾರ್‌ಗಳು ಸಡಿಲ, ಆದ್ದರಿಂದ ರೋಡಿಗೆ ಇಳಿಯಬೇಡಿ. ಆಮೇಲೆ ಮತ್ತೆ ಅಳೆಯಿರಿ.

ಈಗ ಗಾಡಿ ಸಮಕ್ಕೆ ಬಂದಿದ್ದರೆ ವಾಲಿದ್ದಕ್ಕೆ ಕಾರಣ ಆಯಿಲಿನಲ್ಲಿ ಸಿಕ್ಕಿಕೊಂಡಿದ್ದ ಎಳೆತ. ಅದೇ ನಿಲುವಿನಲ್ಲಿ ಎರಡೂ ವಾಲ್ವ್ ಬಿಗಿ ಮಾಡಿ. ಬಿಗಿ ಸುಮಾರು 14 ನ್ಯೂಟನ್ ಮೀಟರ್, ನಿಮ್ಮ ಮಾಡೆಲ್‌ನ ಸರಿಯಾದ ಅಳತೆ ರಿಪೇರಿ ಪುಸ್ತಕದಲ್ಲಿ ಇರುತ್ತದೆ. ಇದು ತೀರಾ ಕಡಿಮೆ ಬಿಗಿ, ತೋಳಿನ ಬಲವೆಲ್ಲ ಹಾಕಿದರೆ ವಾಲ್ವ್ ಹಾಳು. ವಾಲ್ವ್ ತೆರೆದರೂ ವಾಲು ಹಾಗೇ ಉಳಿದರೆ ಹೈಡ್ರಾಲಿಕ್ ವ್ಯವಸ್ಥೆಯ ತಪ್ಪಲ್ಲ. ಸ್ಪ್ರಿಂಗ್ ಕುಸಿದಿರಬಹುದು, ಎರಡು ಬದಿಗೆ ಬೇರೆಬೇರೆ ಉದ್ದದ ಸ್ಪ್ರಿಂಗ್ ಅದಲುಬದಲಾಗಿರಬಹುದು, ಅಪಘಾತದಲ್ಲಿ ಚಾಸಿ ಬಾಗಿದ್ದೂ ಇರಬಹುದು. ಆ ಗಾಡಿಗೆ ಹೊಸ ಸಿಲಿಂಡರ್ ಹಾಕಿಸಿದರೂ ಅದು ವಾಲಿಯೇ ನಿಲ್ಲುತ್ತದೆ.

ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿದ ಮೇಲೆ ವಾಲು ಶುರುವಾದರೆ ಹೆಚ್ಚಾಗಿ ವಾಲ್ವ್ ತೆರೆಯದೆ ಸ್ಪ್ರಿಂಗ್ ಬದಲಿಸಿರುತ್ತಾರೆ. ಆಗ ಹೊಸ ಎತ್ತರಕ್ಕೆ ಆಯಿಲ್ ಹೊಂದಿಕೊಳ್ಳದೆ ಬಾರ್ ತಿರುಚಿಕೊಂಡೇ ಇರುತ್ತದೆ. ಎತ್ತರ ತುಂಬ ಜಾಸ್ತಿಯಾದರೆ ಬಾರ್ ಕೋನ ಸರಿಪಡಿಸುವ ಸ್ಪೇಸರ್ ಕೂಡ ಬೇಕಾಗಬಹುದು. ಕಿಟ್ ಮಾರುವವರು ಇದನ್ನು ಹೇಳದೆ ಬಿಡುತ್ತಾರೆ, ಕೇಳಿ.

ಹಂತ 4: ಉಳಿದದ್ದನ್ನು ವರ್ಕ್‌ಶಾಪಿಗೆ ಬಿಡಿ

ಡ್ಯಾಶ್‌ಬೋರ್ಡಿನಲ್ಲಿ ಕೆಡಿಎಸ್ಎಸ್ ದೀಪ ಹತ್ತಿದ್ದರೆ ಸ್ಕ್ಯಾನರ್‌ನಲ್ಲಿ ಕೋಡ್ ಓದಿಸಿ. ಸೋರಿಕೆ ಖಚಿತವಾದರೆ ರಿಪೇರಿ, ಆಯಿಲ್ ತುಂಬುವುದು, ಗಾಳಿ ತೆಗೆಯುವುದು ಎಲ್ಲವೂ ಸಲಕರಣೆ ಇರುವವರ ಕೆಲಸ. ಸಾಮಾನ್ಯ ಪವರ್ ಸ್ಟೀರಿಂಗ್ ಆಯಿಲ್ ಹಾಕಲು ಬಂದರೆ ತಡೆಯಿರಿ, ಇದಕ್ಕೆ ಟೊಯೊಟಾ ಹೇಳಿದ ಸಸ್ಪೆನ್ಷನ್ ಆಯಿಲೇ ಬೇಕು. ಬೇರೆ ಯಾವುದೇ ಕೆಲಸಕ್ಕೆ ಸ್ಟೆಬಿಲೈಸರ್ ಬಾರ್ ಅಥವಾ ಲಿಂಕ್ ಬಿಚ್ಚುವುದಿದ್ದರೂ ಶಟರ್ ವಾಲ್ವ್ ಸಡಿಲಿಸಿದ ಮೇಲೆಯೇ ಪಾನಾ ಹಿಡಿಯಲು ಮೆಕ್ಯಾನಿಕ್‌ಗೆ ಮೊದಲೇ ಹೇಳಿಬಿಡಿ.